ಕಾರ್ ಶೆಡ್ಡಿನ ಹಿಂಬಾಗಿಲು

ಅಪ್ಪ,

ನಿನ್ನ ಕಾರ್ ಶೆಡ್ಡನ್ನು ವಾಸದ ಕೋಣೆ ಮಾಡುವುದೋ ಬೇಡವೋ ಎಂದು ನಿರ್ಧರಿಸಲು, ಕಾರವಾರದಿಂದ ಬಂದ ತಮ್ಮ ಪ್ರಮೋದ ಇವತ್ತು ನನ್ನನ್ನೂ ಹೊನ್ನಾವರಕ್ಕೆ ಕರೆಸಿದ್ದ. ನಾನು ಅಂಗಳದಲ್ಲೇ ನಿಂತೆ. ಫೆಲಿಕ್ಸನನ್ನು ಮದುವೆಯಾದ ದಿನ "ಇನ್ನು ನನ್ನ ಹೊಸ್ತಿಲು ತುಳಿಯಬೇಡ" ಎಂದಿದ್ದೆಯಲ್ಲ, ನೀನು ಸತ್ತ ಮೇಲೂ ತುಳಿದಿಲ್ಲ.

ಕಾರು ಮಾರಿದಾಗಿನಿಂದ ನೀನು ಬೀಗ ಹಾಕಿಟ್ಟಿದ್ದ ಶಟರನ್ನು ಪ್ರಮೋದ ಎತ್ತಿದ. ಒಳಗೆ ನೋಡಿದರೆ, ಟೈಲ್ಸ್ ಹಾಕಿದ ನೆಲ, ಫ್ಯಾನು, ಇಬ್ಬರು ಮಲಗುವಷ್ಟು ದೊಡ್ಡ ಮಂಚ, ಹಿಂದಿನ ಗೋಡೆಗೆ ಹೊಸ ಬಾಗಿಲು!

ಅಳತೆ ಹಿಡಿಯಲು ಬಂದಿದ್ದ ಸುಬ್ರಾಯ ಆಚಾರಿ ತಲೆ ತಗ್ಗಿಸಿದರು.

"ನಾನೇ ಮಾಡಿದ್ದು, ತಂಗಿ. ಯಾರಿಗೂ ಹೇಳ್ಬೇಡ ಅಂದಿದ್ರು. ಹೊಸ್ತಿಲು ಇಲ್ದೆ ಬಾಗಿಲು ಇಡೂದು ಎಂತಕ್ಕೆ ಅಂತ ಕೇಳ್ದೆ. 'ಮಗಳಿಗೆ ಹೊಸ್ತಿಲು ತುಳಿಬೇಡ ಅಂದಾಗಿದೆ. ಇಲ್ಲಿ ಹೊಸ್ತಿಲೇ ಇಲ್ಲ, ಬರ್ಲಿ' ಅಂದ್ರು. ಹೋದ ವರ್ಷ ಚೌತಿಯೊಳಗೆ ಮುಗೀಬೇಕು ಅಂತ ಒಂದೇ ಗಡಿಬಿಡಿ ಅವರದ್ದು."

ಪ್ರಮೋದ ಕೇಳಿದ, "ಈಗ ಎಂತ ಮಾಡೂದು ಅಕ್ಕ?"

ಹೋದ ವರ್ಷ ಚೌತಿಯ ಬೆಳಿಗ್ಗೆ ನಿನ್ನ ಫೋನು ಮೂರು ಸಲ ಬಂದಿತ್ತು. ಹೆಸರು ನೋಡಿ, ಮೊಬೈಲನ್ನು ಕವುಚಿ ಹಾಕಿ, ನಾನು ಮೋದಕಕ್ಕೆ ಕಾಯಿ ತುರಿಯುತ್ತ ಕೂತೆ.