ಅಪ್ಪನ ಹೆಸರಿನ ಸೊನಾಟಾ

ಲೈಪ್‌ಜಿಗ್, ಮಾರ್ಚ್ 1861

ಅಮ್ಮಾ,

ನೀನು ತೀರಿಕೊಂಡು ವರ್ಷವಾಯಿತು. ಇಂದು ಮಧ್ಯಾಹ್ನ ಸಭಾಂಗಣದಲ್ಲಿ ಪಿಯಾನೋದ ಮೇಲೆ ನಿನ್ನ ಸೊನಾಟಾ ನುಡಿಸಿದೆ. ತಮ್ಮನ ತೊಟ್ಟಿಲನ್ನು ಕಾಲಲ್ಲಿ ತೂಗುತ್ತ ನೀನು ಅದನ್ನು ಬರೆದದ್ದು ನನಗೆ ನೆನಪಿದೆ. ಆದರೆ ಜನರಿಗೆ ಹಂಚಿದ ಕಾಗದದಲ್ಲಿ ರಚಿಸಿದವರೆಂದು ಎಂದಿನಂತೆ ಅಪ್ಪನ ಹೆಸರೇ ಇತ್ತು.

ಬೆಳಿಗ್ಗೆಯೇ ಜಗಳವಾಡಿದ್ದೆ. "ಇವತ್ತಾದ್ರೂ ಅಮ್ಮನ ಹೆಸರು ಹೇಳಿ, ಅಪ್ಪಾ."

"ಸತ್ತವಳಿಗೆ ಹೆಸರು ಯಾಕೆ ಬೇಕು, ಒಟೀಲಿ? ಸುಮ್ನೆ ನುಡಿಸು."

ಎಲ್ಲರೆದುರು ನಾನೇ ಹೇಳಿಬಿಡಬೇಕೆಂಬ ಹಟದಿಂದಲೇ ಪಿಯಾನೋ ಮುಂದೆ ಕೂತೆ. ನುಡಿಸಿ ಎದ್ದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಅಪ್ಪ ವೇದಿಕೆಗೆ ಬಂದು, ನನ್ನ ಕೈ ಬಿಗಿಯಾಗಿ ಹಿಡಿದು, ಜನರಿಗೆ ತಲೆಬಾಗಿದರು. ಅವರ ಕಣ್ಣಲ್ಲಿ ನೀರಿತ್ತು.

ಮುಂದಿನ ಸಾಲಿನಿಂದ ಒಬ್ಬರು ಕೂಗಿದರು: "ಅಪ್ಪನ ಪ್ರತಿಭೆ ಮಗಳಿಗೆ ಬಂದಿದೆ ನೋಡ್ರಪ್ಪಾ!"

ನಾನೂ ತಲೆಬಾಗಿದೆ, ಅಮ್ಮಾ. ನಕ್ಕೆ ಕೂಡ.

ಒಟೀಲಿ