ಅಪ್ಪನ ಕೆಮ್ಮು ನಿಂತ ಬಗೆ

ಮಲಾಂಗ್,
೯ ಮಾರ್ಚ್ ೨೦೧೯

ಹಾಂಗ್‌ಕಾಂಗಿನ ಹದಿನೆಂಟನೇ ಮಹಡಿಯ ಅಧೀಶ್ವರಿ, ಮುದುಕಿಯೊಬ್ಬಳ ಮಾತ್ರೆಡಬ್ಬಿಯ ಸರ್ವಾಧಿಕಾರಿ, ನನ್ನ ಎಡಗಿವಿ ಹಿಂಡಲು ಹುಟ್ಟಿನಿಂದಲೇ ಹಕ್ಕು ಪಡೆದ ಶ್ರೀಮನ್ಮಹಾ ಸುಲಾಸ್ತ್ರಿ ಅಕ್ಕನವರ ಸನ್ನಿಧಾನಕ್ಕೆ, ತಮ್ಮ ಗಿಲಾಂಗ್ ತಲೆಬಾಗಿ ಅರಿಕೆ ಮಾಡಿಕೊಳ್ಳುವುದು.

ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಅಜ್ಜಿ ಈಗಲೂ ಮಾತ್ರೆಯನ್ನು ದವಡೆಯಲ್ಲಿ ಬಚ್ಚಿಟ್ಟುಕೊಂಡು ಆಮೇಲೆ ಉಗುಳುತ್ತಾಳೆಯೇ? ಅಮ್ಮ ಊಟ ಮಾಡುತ್ತಿದ್ದಾಳೆ, ಸ್ವಲ್ಪ. ನಾನೂ ಕ್ಷೇಮ. ವೇಪ್ ಅಂಗಡಿಯಲ್ಲಿ ಆ ಎಲೆಕ್ಟ್ರಾನಿಕ್ ಸಿಗರೇಟಿನ ಮಷಿನ್ನುಗಳಿಗೆ ನಿಕೋಟಿನ್ ಲಿಕ್ವಿಡ್ ಬೆರೆಸುವುದನ್ನು ಬಿಟ್ಟಿದ್ದೇನೆ, ಈಗ ಗಾಜು ಒರೆಸುತ್ತೇನೆ.

ಅಪ್ಪನ ನಲವತ್ತನೇ ದಿನದ ಪ್ರಾರ್ಥನೆ ಮೊನ್ನೆ ಮುಗಿಯಿತು. ಬಂದವರ ಮುಂದೆ ಲೋಟದಲ್ಲಿ ಲವಂಗದ ಸಿಗರೇಟು ಇಡುವುದು ಪದ್ಧತಿಯಲ್ಲವೇ, ಅಮ್ಮ ಈ ಸಲ ಅದೇ ಲೋಟಗಳಿಗೆ ಹುರಿದ ಕಡಲೆಕಾಯಿ ತುಂಬಿದ್ದಳು. ಪಕ್ಕದ ಮನೆಯ ವಿರ್ಯೋ ಮಾವ ಅಭ್ಯಾಸಬಲದಿಂದ ಒಂದು ಕಡಲೆಕಾಯಿಯನ್ನು ತುಟಿಗಿಟ್ಟುಕೊಂಡು ಬೆಂಕಿಪೊಟ್ಟಣಕ್ಕೆ ಜೇಬು ತಡಕಿದರು. ಬೇರೆ ದಿನವಾಗಿದ್ದರೆ ನಾನೇ ಕಡ್ಡಿ ಗೀರಿ ಕೊಡುತ್ತಿದ್ದೆ. ಅವತ್ತು ಯಾರೂ ನಗಲಿಲ್ಲ. ದೊಡ್ಡಮ್ಮ ಮಾತ್ರ ಬಾಗಿಲ ಬಳಿ ಕೂತು, "ಮೂವತ್ತು ವರ್ಷ ಸಿಗರೇಟು ಸೇದ್ಕೊಂಡು ಗುಂಡುಕಲ್ಲಿನ ಹಾಗಿದ್ದ. ಮಗಳು ಕೊಡ್ಸಿದ ಮಷಿನ್ನು ಒಂದೇ ವರ್ಷಕ್ಕೆ ತಗೊಂಡ್ಹೋಯ್ತು" ಎಂದಳು. ಆ ಮಾತು ನಿನ್ನನ್ನೂ ಮುಟ್ಟಿದೆ ಎಂದು ಬಲ್ಲೆ. ನಿನ್ನೆ ಫೋನಿನಲ್ಲಿ "ನಾನೇ ಕೊಡ್ಸಿದ್ದು ಕಣೋ" ಎಂದು ನಾಲ್ಕು ಸಲ ಹೇಳಿ ಇಟ್ಟುಬಿಟ್ಟೆಯಲ್ಲ.

ಆದ್ದರಿಂದ ವಿಚಾರಣಾ ಆಯೋಗವೊಂದು ಕೂತಿತು. ಅಧ್ಯಕ್ಷ, ಸದಸ್ಯ, ಜವಾನ ಮೂವರೂ ನಾನೇ. ತೀರ್ಪು: ನೀನು ನಿರಪರಾಧಿ. ಸಿಗರೇಟು ಬಿಡಿಸಲೆಂದೇ ರಜೆಯಲ್ಲಿ ಬಂದಾಗ ಆ ವೇಪ್ ಮಷಿನ್ನು ಕೊಡಿಸಿದೆ. ಮೊದಲ ವಾರ ಅಪ್ಪ ಎರಡು ದಮ್ಮಿಗೇ ಕೆಮ್ಮಿ ಕೆಮ್ಮಿ, ಅದನ್ನು ಹಕ್ಕಿಪಂಜರದ ಮೇಲೆ ಎಸೆದು, ಮತ್ತೆ ಸಿಗರೇಟು ಹುಡುಕಿದ. ಆಮೇಲೆ ಕೆಮ್ಮು ನಿಂತಿತು. "ಎದೆ ಬೆಣ್ಣೆ ಥರ ಆಗಿದೆ, ನಿಮ್ಮಕ್ಕನ ಪುಣ್ಯ" ಎನ್ನುತ್ತ ಬೆಳಗಿನಿಂದ ಸಂಜೆಯವರೆಗೆ ಎಳೆದ. ಕೇಳಿ ನೀನು ಅಲ್ಲಿ ಖುಷಿಗೆ ಅತ್ತೆ. ಎದೆ ಡವಗುಟ್ಟಿದಾಗಲೆಲ್ಲ ಅಪ್ಪ ಮೆಟ್ಟಿಲನ್ನು ಬೈದ. ಗುಂಡಿಗೆ ನಿಂತದ್ದರಲ್ಲಿ ಮೂವತ್ತು ವರ್ಷದ ಸಿಗರೇಟಿನ ಪಾಲೂ ಇದೆ ಎಂದರು ಡಾಕ್ಟರು. ಯಾವುದರದು ಎಷ್ಟು ಎಂದು ಅವರಿಗೂ ತಿಳಿಯದು. ದೇವರ ಇಚ್ಛೆ ಎಂದು ಬರೆದು ಆಯೋಗ ಕಡತ ಮುಚ್ಚಿದೆ.

ಹೊತ್ತಿಗೆ ಸರಿಯಾಗಿ ತಿನ್ನು. ಅಮ್ಮನ ಆಶೀರ್ವಾದಗಳು, ಪೊಟ್ಟಣದಲ್ಲಿರುವ ಸೋಯಾ ಕಾಳಿನ ಟೆಂಪೆ ಚಿಪ್ಸ್ ಅವಳೇ ಕರಿದದ್ದು.

ನಿನ್ನ ಕಿವಿಯುಳ್ಳ ತಮ್ಮ,
ಗಿಲಾಂಗ್

ಇನ್ನೊಂದು ಮಾತು: ಹಾಂಗ್‌ಕಾಂಗಿಗೆ ಈ ಪೊಟ್ಟಣ ಒಯ್ಯುವ ಯಾಂತಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾಳೆ. ಕೆಮ್ಮು ತಾನಾಗಿ ನಿಂತದ್ದಲ್ಲ. ಅಪ್ಪ ಸಿಗರೇಟಿಗೆ ಮರಳದಿರಲಿ ಎಂದು ನಾನು ಅವನ ಮಷಿನ್ನಿನ ಲಿಕ್ವಿಡ್ ಸೀಸೆಗೆ ಆಮ್ಲ ಬೆರೆಸಿದ ನಿಕೋಟಿನ್ ತುಂಬಿದೆ. ಆಮ್ಲ ಸೇರಿದರೆ ಗಂಟಲು ಉರಿಯುವುದಿಲ್ಲ. ಉರಿಯದಿದ್ದರೆ ಅದರ ಕಸುವು ಕಡಿಮೆ ಎಂದೇ ತಿಳಿದು ಐದು ಪಟ್ಟು ಹಾಕಿದ್ದೆ. ಗಂಟಲಿಗೆ ತಿಳಿಯದ್ದು ನೆತ್ತರಿಗೆ ಬೇಗ ಇಳಿದು ಗುಂಡಿಗೆಯನ್ನು ಓಡಿಸುತ್ತದಂತೆ. ಯಾರದೋ ವಿಷಯ ಎಂಬಂತೆ ಡಾಕ್ಟರನ್ನು ಕೇಳಿದೆ. ಸೀಸೆಯ ಮೇಲೆ ತಮಾಷೆಗೆ 'ಮಹಾರಾಣಿ ಸುಲಾಸ್ತ್ರಿ ಕಳಿಸಿದ ರಾಜೌಷಧ' ಎಂದು ಚೀಟಿ ಅಂಟಿಸಿದ್ದೆ. ಅಪ್ಪ ಅದನ್ನು ನಂಬಿದ. ಪ್ರಾರ್ಥನೆಯ ದಿನ ಆ ಮಾತಿಗೆ ಮೊದಲು ದೊಡ್ಡಮ್ಮ ಸೀಸೆ ಹಿಡಿದು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ್ದು ಆ ಚೀಟಿಯನ್ನೇ. ನಾನು ಕಡಲೆಕಾಯಿ ಹಂಚುತ್ತಿದ್ದೆ.