ಅಪ್ಪ, ಸಿಲಿಂಡರ್ ಎತ್ತಬೇಡಿ

ಅಪ್ಪ,

ತಿಂಡಿ ಮುಚ್ಚಿಟ್ಟಿದ್ದೇನೆ. ಬಿಪಿ ಮಾತ್ರೆ ಮರೆಯಬೇಡಿ. ಗ್ಯಾಸ್ ಸಿಲಿಂಡರ್ ಬಂದರೆ ಬಾಗಿಲಲ್ಲೇ ಇಳಿಸಿಕೊಳ್ಳಿ, ನೀವು ಎತ್ತಬೇಡಿ. ನೀರಿನ ಬಕೆಟ್ಟನ್ನೂ ಎತ್ತಬೇಡಿ.

ಡಾಕ್ಟರು ನಿನ್ನೆ ಹೇಳಿದ್ದು ತಮಾಷೆಯಲ್ಲ. ಹೊಟ್ಟೆಯ ದೊಡ್ಡ ರಕ್ತನಾಳ ಊದಿಕೊಂಡಿದೆ, ಒಡೆಯುವ ಮೊದಲೇ ಆಪರೇಷನ್ ಆಗಬೇಕು. ನೀವು, "ನೋವೇ ಇಲ್ವಲ್ಲ, ಮುಂದಿನ ತಿಂಗಳು ನೋಡೋಣ ಬಿಡು" ಅಂದಿರಿ. ನೋವು ಕೊಡದೆ ಕೂತಿರುವುದೇ ಅದರ ಕೆಟ್ಟ ಬುದ್ಧಿ.

ಸಂಜೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಮಗಳೇ ಮೊದಲು ನೋಡಿದಳು, ಆದರೂ ಬಾಯಿಬಿಡಲಿಲ್ಲ ಅನ್ನುವ ಸಿಟ್ಟು. ಸ್ಕ್ಯಾನ್ ಮಾಡುವ ನಾವು ಚಿತ್ರ ತೆಗೆಯಬೇಕು, ಅಳತೆ ಬರೆಯಬೇಕು, ಅಷ್ಟೆ. ಕಾಯಿಲೆ ಇಂಥದ್ದು ಎಂದು ಹೇಳುವುದು ಡಾಕ್ಟರ ಕೆಲಸ. ಹೊಟ್ಟೆಗೆ ಜೆಲ್ ಹಚ್ಚಿದಾಗ ನೀವು, "ಏನಮ್ಮ, ಒಂದೇ ಮಗುನಾ, ಅವಳಿನಾ?" ಎಂದು ಕೇಳಿದಿರಿ. ಆಗಲೇ ಅದು ಪರದೆಯ ಮೇಲೆ ಕಾಣಿಸಿತು. ನನಗೆ ನಗಲಾಗಲಿಲ್ಲ. ಒಂದು ಸಲವಾದರೂ ಕಡಿಮೆ ಬರಲಿ ಎಂದು ಮೂರು ಸಲ ಅಳೆದೆ. ಬರಲಿಲ್ಲ. ಡಾಕ್ಟರನ್ನು ಕರೆಯುತ್ತೇನೆ ಎಂದು ಹೊರಗೆ ಹೋದವಳು ಮೊದಲು ಗೋಡೆ ಹಿಡಿದುಕೊಂಡು ನಿಂತೆ. ನೀವು ಒಳಗೆ ನರ್ಸಮ್ಮನನ್ನು ನಗಿಸುತ್ತಿದ್ದದ್ದು ಕೇಳಿಸುತ್ತಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ನಿಮ್ಮ ಬಟ್ಟೆಯ ಬ್ಯಾಗು ಬಾಗಿಲ ಹತ್ತಿರ ಸಿದ್ಧವಾಗಿ ಕೂತಿತ್ತು. ಟವೆಲ್ಲು, ಸೋಪು, ರೇಡಿಯೋ ಎಲ್ಲ ತುಂಬಿದ್ದೀರಿ. ಬಾಯಿಬಿಟ್ಟು ಹೂಂ ಅನ್ನದಿದ್ದರೂ ಪರವಾಗಿಲ್ಲ, ನನಗೆ ಅಷ್ಟು ಸಾಕು.

ಹನ್ನೊಂದಕ್ಕೆ ಅಣ್ಣ ಕಾರು ತರುತ್ತಾನೆ. ಬ್ಯಾಗನ್ನು ನಾನೇ ಆಸ್ಪತ್ರೆಗೆ ತೆಗೆದುಕೊಂಡು ಹೋಗಿದ್ದೇನೆ. ನೀವು ಕೈಬೀಸಿಕೊಂಡು ಬನ್ನಿ.